ಮಧ್ಯಾಹ್ನದ ನೆರಳು, ಸಂಜೆಯ ಸಿಡಿಲು: ಕವಿತಾಳದಲ್ಲಿ ಎರಡು ಸಲ ಮಾಡಿದ ಒಂದು ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕವಿತಾಳದ ಒಂದು ಪ್ರೌಢಶಾಲೆ. ಮಾರ್ಚ್ ತಿಂಗಳ ಕೊನೆಯ ವಾರ. ಎಂಟನೆಯ ತರಗತಿಗೆ ವಿಜ್ಞಾನದ ಪಾಠಗಳು ಮುಗಿಯುತ್ತ ಬಂದಿದ್ದವು. ಪರೀಕ್ಷೆ ಮುಗಿದರೆ ಮಕ್ಕಳು ಬೇಸಿಗೆ ರಜೆಗೆ ಹೋಗುತ್ತಾರೆ, ಅದಕ್ಕೂ ಮೊದಲು ಬಿಸಿಲು ಮತ್ತು ಸಿಡಿಲಿನಿಂದ ರಕ್ಷಣೆ ಕುರಿತು ಒಂದು ಪಾಠ ಮಾಡಿ ಎಂದು ಮಾರ್ಗದರ್ಶಕ ಶಿಕ್ಷಕರು ಹೇಳಿದರು. ನಾನು ಸಂತೋಷದಿಂದ ಒಪ್ಪಿಕೊಂಡೆ. ದೇವದುರ್ಗ ತಾಲ್ಲೂಕಿನಲ್ಲಿ ಬೆಳೆದ ನನಗೆ ಈ ವಿಷಯ ಹೊಸದೇನಲ್ಲ, ಸುಲಭದ ಪಾಠ ಎಂದೇ ಅಂದುಕೊಂಡಿದ್ದೆ.

ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಎರಡು ಚಾರ್ಟ್ ಬರೆದಿದ್ದೆ. ಮೊದಲನೆಯದು ಬಿಸಿಲಿನದು: ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ, ನೀರು ಕುಡಿಯಿರಿ, ತಲೆಗೆ ಬಟ್ಟೆ ಕಟ್ಟಿ, ಮರದ ನೆರಳಿನಲ್ಲಿ ವಿಶ್ರಮಿಸಿ. ಎರಡನೆಯದು ಸಿಡಿಲಿನದು: ಮರದ ಕೆಳಗೆ ನಿಲ್ಲಬೇಡಿ, ಬಯಲಿನಲ್ಲಿ ಇರಬೇಡಿ, ಮನೆಯೊಳಗೆ ಇರಿ. ಮಕ್ಕಳು ಓದಿದರು, ಬರೆದುಕೊಂಡರು. ಕೊನೆಯಲ್ಲಿ ಕೇಳಿದ ಐದು ಪ್ರಶ್ನೆಗಳಿಗೆ ಎಲ್ಲರೂ ಸರಿಯಾಗಿ ಉತ್ತರಿಸಿದರು. ಪಾಠ ವೀಕ್ಷಿಸುತ್ತಿದ್ದ ಸಹಪಾಠಿ ವೀಕ್ಷಣಾ ಪುಸ್ತಕದಲ್ಲಿ ‘ಉದ್ದೇಶ ಸಾಧನೆಯಾಗಿದೆ’ ಎಂದು ಬರೆದರು.

ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಅವನ ಮನೆಯವರು ಕುರಿ ಸಾಕುತ್ತಾರೆ, ರಜೆ ಬಂದರೆ ಅಜ್ಜನ ಜೊತೆ ಇವನೂ ಕುರಿ ಹಿಂದೆ ಹೋಗುತ್ತಾನೆ.

“ಟೀಚರ್, ನಾವ್ ಕುರಿ ಬಿಡಾ ಕಡಿ ಇರದು ಒಂದ ಬೇವಿನ ಗಿಡ ರೀ. ಮಧ್ಯಾಹ್ನ ಅದರ ಬುಡಕ ಕುಂದ್ರು ಅಂತ ಬರ್ದೀರಿ. ಸಂಜಿಕ ಅದರ ಬುಡಕ ನಿಂದ್ರಬ್ಯಾಡ ಅಂತ ಬರ್ದೀರಿ. ನಾ ಯಾವಾಗ ಅಲ್ಲಿಂದ ಏಳ್ಬೇಕ್ ರೀ?”

ನನ್ನಲ್ಲಿ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇನೆ, ಕೂತ್ಕೋ” ಎಂದೆ. ಆದರೆ ಆ ಪ್ರಶ್ನೆ ಅಂದು ರಾತ್ರಿ ನನ್ನನ್ನು ಬಿಡಲಿಲ್ಲ. ಐದಕ್ಕೆ ಐದು ಅಂಕ ಪಡೆದ ಆ ಹುಡುಗ ನನ್ನ ಪಾಠವನ್ನು ನಂಬಿ ಮರದ ಕೆಳಗೆ ಕುಳಿತು, ಏಳುವುದು ಹತ್ತು ನಿಮಿಷ ತಡವಾದರೆ?

ಎರಡು ಪಟ್ಟಿ, ಒಂದೇ ದಿನ

ನನ್ನ ತಪ್ಪು ವಿಷಯದಲ್ಲಿ ಇರಲಿಲ್ಲ, ಜೋಡಣೆಯಲ್ಲಿತ್ತು. ಬಿಸಿಲು ಒಂದು ಅಧ್ಯಾಯ, ಸಿಡಿಲು ಇನ್ನೊಂದು ಅಧ್ಯಾಯ ಎಂದು ನಾನು ಬೇರೆ ಮಾಡಿದ್ದೆ. ನಮ್ಮ ಸೀಮೆಯ ಏಪ್ರಿಲ್-ಮೇ ತಿಂಗಳಲ್ಲಿ ಅವೆರಡೂ ಒಂದೇ ದಿನದ ಎರಡು ಹೊತ್ತುಗಳು. ಬೆಳಗಿನಿಂದ ಬೆಂಕಿಯಂಥ ಬಿಸಿಲು, ಮೂರು-ನಾಲ್ಕರ ಮೇಲೆ ಮುಗಿಲು, ಗಾಳಿ, ಗುಡುಗು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ರೈತರು ಹೆಸರಿಡುವ ಮಳೆಗಳೆಲ್ಲ ಈ ಕಾಲದವೇ. ಮಧ್ಯಾಹ್ನ ಕಾಯುವ ಮರವೇ ಸಂಜೆ ಕೊಲ್ಲಬಲ್ಲದು. ಆದ್ದರಿಂದ ಮಗುವಿಗೆ ಬೇಕಾದದ್ದು ಎರಡು ಪಟ್ಟಿಗಳಲ್ಲ, ಒಂದರಿಂದ ಇನ್ನೊಂದಕ್ಕೆ ಯಾವಾಗ ಬದಲಾಗಬೇಕು ಎಂಬ ತಿಳಿವಳಿಕೆ.

ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಅದೇ ತರಗತಿಗೆ ಅದೇ ಪಾಠವನ್ನು ಮರುವಾರ ಎರಡು ಅವಧಿಗಳಲ್ಲಿ ಮತ್ತೆ ಮಾಡಿದೆ. “ಮಾಡಿದ ಪಾಠ ಮತ್ತೆ ಮಾಡಾಕ ನಾಚಬ್ಯಾಡಮ್ಮ” ಎಂದರು ಅವರು. ಹೇಗೆ ಮಾಡಿದೆ, ಅದರ ಹಿಂದಿನ ವಿಜ್ಞಾನ ಏನು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ದೇಹ ತಣಿಯುವ ಬಗೆ

ಮೊದಲ ಚಟುವಟಿಕೆಗೆ ಬೇಕಾದದ್ದು ಎರಡು ಥರ್ಮಾಮೀಟರ್ ಮತ್ತು ಒಂದು ತುಂಡು ಹತ್ತಿ ಬಟ್ಟೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ವರಾಂಡದ ನೆರಳಿನಲ್ಲಿ ತೂಗುಹಾಕಿದೆವು. ಸ್ವಲ್ಪ ಹೊತ್ತಿಗೆ ಒದ್ದೆ ಬಟ್ಟೆಯದು ಕೆಳಗಿಳಿಯಿತು. “ಮಣ್ಣಿನ ಗಡಿಗ್ಯಾಗಿನ ನೀರು ತಣ್ಣಗ ಆದಂಗ” ಎಂದಳು ಒಬ್ಬ ಹುಡುಗಿ. ಪಾಠದ ತಿರುಳು ಅವಳ ಬಾಯಲ್ಲೇ ಬಂತು.

ನಮ್ಮ ದೇಹದ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಸುಮ್ಮನೆ ಕುಳಿತ ದೊಡ್ಡವರ ದೇಹವೂ ಸುಮಾರು 100 ವಾಟ್‌ನ ಬಲ್ಬಿನಷ್ಟು ಶಾಖವನ್ನು ಹೊರಬಿಡುತ್ತದೆ. ಹೊಲದಲ್ಲಿ ದುಡಿಯುವಾಗ ಅದು ಹಲವು ಪಟ್ಟಾಗುತ್ತದೆ. ಸುತ್ತಲಿನ ಗಾಳಿ ತಂಪಾಗಿದ್ದರೆ ಈ ಶಾಖ ತಾನಾಗಿ ಹೊರಹೋಗುತ್ತದೆ. ಗಾಳಿಯೇ 40 ಡಿಗ್ರಿ ಇದ್ದರೆ ಶಾಖ ಹರಿಯುವ ದಿಕ್ಕು ತಿರುಗುತ್ತದೆ, ಗಾಳಿಯಿಂದ ದೇಹಕ್ಕೆ. ಆಗ ಉಳಿಯುವ ದಾರಿ ಒಂದೇ, ಬೆವರು ಆವಿಯಾಗುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ನೀರು ಕುಡಿಯದವನಿಗೆ ಬೆವರಿಲ್ಲ, ಬೆವರಿಲ್ಲದವನಿಗೆ ತಂಪಿಲ್ಲ. ‘ನೀರು ಕುಡಿಯಿರಿ’ ಎಂಬ ಮಾತಿನ ಹಿಂದಿನ ಲೆಕ್ಕ ಇದು.

ಇಲ್ಲಿ ಎರಡು ಸಂಗತಿಗಳನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಒಂದು, ಸುದ್ದಿಯಲ್ಲಿ ಕೇಳುವ ಉಷ್ಣಾಂಶ ನೆರಳಿನದು. ಹವಾಮಾನ ಇಲಾಖೆ ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ಅಳೆಯುತ್ತದೆ. ರಾಯಚೂರಿನಲ್ಲಿ ಇಂದು 42 ಡಿಗ್ರಿ ಎಂದರೆ ಎರೆಹೊಲದ ನಡುವೆ ಬಿಸಿಲಲ್ಲಿ ನಿಂತವನ ಮೈಗೆ ತಾಕುವುದು ಅದಕ್ಕಿಂತ ಎಷ್ಟೋ ಹೆಚ್ಚು. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದಾಗ, ಇಲ್ಲವೇ ನೇರವಾಗಿ 45 ಡಿಗ್ರಿ ಮುಟ್ಟಿದಾಗ ಇಲಾಖೆ ಬಿಸಿಗಾಳಿ ಎಂದು ಪರಿಗಣಿಸುತ್ತದೆ. ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 43 ಡಿಗ್ರಿಯ ದಿನ ಬಿಸಿಗಾಳಿಯ ಎಚ್ಚರಿಕೆ ಬಾರದೆಯೂ ಹೋಗಬಹುದು. ಎಚ್ಚರಿಕೆ ಬಂದಿಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇರುವುದು ಇದೇ ಕಾರಣಕ್ಕೆ. ಕಚೇರಿಯವರಿಗೆ ವೇಳೆ ಬದಲಾಗುತ್ತದೆ, ಕುರಿಗಾಹಿಗೆ ಅವನೇ ಬದಲಿಸಿಕೊಳ್ಳಬೇಕು.

ಎರಡು, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆವಿಯಾಗದೆ ಮೈಮೇಲೆ ಹರಿದು ಹೋಗುತ್ತದೆ. ಹರಿದ ಬೆವರು ತಣಿಸುವುದಿಲ್ಲ. ಉಷ್ಣಾಂಶ ಎರಡು ಡಿಗ್ರಿ ಕಡಿಮೆಯಿದ್ದರೂ ಜೀವ ಹೆಚ್ಚು ಬೇಸರಪಡುವ ದಿನಗಳು ಇವು. ನಮ್ಮ ಕಡೆ ‘ಕುದಿ’ ಎನ್ನುತ್ತೇವಲ್ಲ, ಅದೇ. “ಇಂಥಾ ಕುದಿ ಇದ್ರ ಮಳಿ ಬರ್ತದ ಅಂತಾರ ನಮ್ಮಜ್ಜಿ” ಎಂದ ಒಬ್ಬ. ಅಜ್ಜಿಯ ಮಾತು ಸರಿ, ಅಲ್ಲಿಂದಲೇ ಸಿಡಿಲಿಗೆ ದಾಟಿದೆವು.

ಬಿಸಿಲೇ ಮುಗಿಲಾಗುತ್ತದೆ

ಕಾದ ನೆಲ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಬೇಸಿಗೆಯ ಕೊನೆಗೆ ಸಮುದ್ರದ ಕಡೆಯಿಂದ ಬಂದ ತೇವ ಅದರಲ್ಲಿ ಸೇರಿದ್ದರೆ, ಮೇಲೇರಿದ ಗಾಳಿ ತಣಿದು ಮುಗಿಲಾಗುತ್ತದೆ. ಅದು ಹತ್ತು-ಹನ್ನೆರಡು ಕಿಲೋಮೀಟರ್ ಎತ್ತರಕ್ಕೂ ಬೆಳೆಯಬಲ್ಲದು. ಮೇಲ್ಭಾಗದಲ್ಲಿ ನೀರು ಹೆಪ್ಪುಗಟ್ಟಿ ಮಂಜಿನ ಹರಳಾಗುತ್ತದೆ. ಮೇಲೇರುವ ಸಣ್ಣ ಹರಳುಗಳಿಗೂ ಕೆಳಗಿಳಿಯುವ ಭಾರದ ಉಂಡೆಗಳಿಗೂ ಘರ್ಷಣೆಯಾಗಿ ವಿದ್ಯುದಾವೇಶ ಬೇರೆಬೇರೆಯಾಗುತ್ತದೆ. ಸಾಮಾನ್ಯವಾಗಿ ಮೇಲೆ ಧನ, ಕೆಳಗೆ ಋಣ. ಒಣ ತಲೆಗೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುವುದನ್ನು ಮಕ್ಕಳು ಮಾಡಿ ನೋಡಿದರು. ಅದೇ ಆವೇಶ ಮುಗಿಲಿನಲ್ಲಿ ಮಿತಿಮೀರಿ, ಗಾಳಿಯನ್ನು ಸೀಳಿಕೊಂಡು ನೆಲಕ್ಕೆ ಹಾಯುವುದೇ ಸಿಡಿಲು. ಅದು ಹಾಯುವ ದಾರಿಯ ಗಾಳಿ ಕ್ಷಣಮಾತ್ರ ಸುಮಾರು 30,000 ಡಿಗ್ರಿಗೆ ಕಾದು, ಸಿಡಿದಂತೆ ಹಿಗ್ಗುತ್ತದೆ. ಆ ಸದ್ದೇ ಗುಡುಗು.

ಮಧ್ಯಾಹ್ನದ ಬಿಸಿಲಿಗೂ ಸಂಜೆಯ ಸಿಡಿಲಿಗೂ ಇರುವ ಈ ನಂಟನ್ನು ಒಂದೇ ಚಿತ್ರದಲ್ಲಿ ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ವಾರದ ಎರಡು ಚಾರ್ಟ್‌ಗಳ ಜಾಗದಲ್ಲಿ ಈ ಒಂದು ಚಿತ್ರ ಬಂತು.

ಮರದ ಕೆಳಗೆ ಏನಾಗುತ್ತದೆ?

ಸಿಡಿಲು ಎತ್ತರದ ವಸ್ತುವನ್ನು ಆರಿಸಿಕೊಳ್ಳುವ ಸಂಭವ ಹೆಚ್ಚು. ಎರೆಹೊಲದ ಬಯಲಿನಲ್ಲಿ ಒಂಟಿ ಬೇವಿನ ಮರವೇ ಎಲ್ಲಕ್ಕಿಂತ ಎತ್ತರ. ಮರಕ್ಕೆ ಬಡಿದ ಸಿಡಿಲು ಮೂರು ಬಗೆಯಲ್ಲಿ ಕೊಲ್ಲುತ್ತದೆ. ಕಾಂಡಕ್ಕೆ ಒರಗಿದವನಿಗೆ ನೇರವಾಗಿ ಹಾಯುತ್ತದೆ. ಹತ್ತಿರ ನಿಂತವನ ಮೇಲೆ ಕಾಂಡದಿಂದ ಪಕ್ಕಕ್ಕೆ ಜಿಗಿಯುತ್ತದೆ, ಏಕೆಂದರೆ ಒಣ ಮರಕ್ಕಿಂತ ನೀರು-ಉಪ್ಪು ತುಂಬಿದ ಮನುಷ್ಯನ ದೇಹ ವಿದ್ಯುತ್ತಿಗೆ ಸುಲಭದ ದಾರಿ. ಮೂರನೆಯದು, ಬುಡದಿಂದ ನೆಲದಲ್ಲಿ ಸುತ್ತಲೂ ಹರಡುತ್ತದೆ.

ಈ ಮೂರನೆಯದನ್ನು ಹೇಳುವಾಗ ಆ ಹುಡುಗ ಮತ್ತೆ ಕೈ ಎತ್ತಿದ. ಒಂದೇ ಸಿಡಿಲಿಗೆ ಗುಂಪುಗಟ್ಟಲೆ ಕುರಿ ಸಾಯುವುದು ಹೇಗೆ ಎಂಬುದು ಅವನ ಪ್ರಶ್ನೆ. ನೆಲದಲ್ಲಿ ಹರಡುವ ವಿದ್ಯುತ್ತಿನ ಒತ್ತಡ ಬುಡದಿಂದ ದೂರ ಹೋದಂತೆ ಇಳಿಯುತ್ತದೆ. ಕುರಿಯ ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ. ಆ ಎರಡರ ನಡುವಿನ ವ್ಯತ್ಯಾಸ ದೇಹದ ಮೂಲಕ, ಎದೆಯ ಮೂಲಕ ಹಾಯುತ್ತದೆ. ಕುರಿಗಳೋ ಮಳೆ ಬಂದಾಗ ಮರದ ಬುಡಕ್ಕೆ ಒತ್ತಾಗಿ ಸೇರುತ್ತವೆ. ಮನುಷ್ಯ ಬಯಲಲ್ಲಿ ಸಿಕ್ಕಿಹಾಕಿಕೊಂಡರೆ ಕಾಲು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು, ಮಲಗಬಾರದು ಎನ್ನುವುದು ಇದೇ ಲೆಕ್ಕದಿಂದ. ಆದರೆ ಹಾಗೆ ಕೂತರೆ ಬದುಕುವುದು ಖಂಡಿತ ಎಂದು ಮಕ್ಕಳಿಗೆ ಹೇಳಬಾರದು. ಬೇರೆ ದಾರಿಯೇ ಇಲ್ಲದಾಗಿನ ಕೊನೆಯ ಉಪಾಯ ಅದು. ಬಯಲಿನಲ್ಲಿ ಸಿಡಿಲಿನಿಂದ ಸುರಕ್ಷಿತ ಜಾಗ ಎಂಬುದಿಲ್ಲ. ದೇಶದಲ್ಲಿ 2022ರ ಒಂದೇ ವರ್ಷ ಸಿಡಿಲಿಗೆ ಸತ್ತವರು 2,887 ಮಂದಿ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ.

ಹಾಗಾದರೆ ಸುರಕ್ಷಿತ ಜಾಗ ಯಾವುದು? ಗೋಡೆ-ಛಾವಣಿ ಗಟ್ಟಿಯಿರುವ, ಮುಚ್ಚಿದ ಕಟ್ಟಡ: ಶಾಲೆ, ಪಂಚಾಯಿತಿ ಕಟ್ಟಡ, ಪಕ್ಕಾ ಮನೆ. ಅದರೊಳಗೂ ಕಿಟಕಿ, ನಲ್ಲಿ, ಸ್ವಿಚ್‌ಗಳಿಂದ ದೂರ ಇರಬೇಕು. ಗಾಜು ಏರಿಸಿದ ಬಸ್ಸು, ಕಾರು ಕೂಡ ಆಗುತ್ತದೆ, ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಟ್ರ್ಯಾಕ್ಟರ್, ಬೈಕು, ನಾಲ್ಕು ಕಂಬದ ತಗಡಿನ ಶೆಡ್ಡು, ಹೊಲದ ಗುಡಿಸಲು, ಬಸ್ ನಿಲ್ದಾಣದ ತೆರೆದ ತಂಗುದಾಣ ಆಗುವುದಿಲ್ಲ. ಅವು ಮಳೆಯನ್ನು ತಡೆಯುತ್ತವೆ, ಸಿಡಿಲನ್ನಲ್ಲ. ಕುರಿಗಾಹಿಯ ಕಂಬಳಿಯದೂ ಅದೇ ಮಾತು.

ಯಾವಾಗ ಏಳಬೇಕು?

ಈಗ ಹುಡುಗನ ಪ್ರಶ್ನೆಗೆ ಬಂದೆವು. ಮೈದಾನದ ಆ ತುದಿಯಲ್ಲಿ ಒಬ್ಬ ವಿದ್ಯಾರ್ಥಿ ಬಕೆಟ್ ಮಗುಚಿ ಬಡಿದ. ಈ ತುದಿಯಲ್ಲಿದ್ದವರಿಗೆ ಕೈ ಮೊದಲು ಕಂಡಿತು, ಸದ್ದು ಕೊಂಚ ತಡವಾಗಿ ಕೇಳಿತು. ಬೆಳಕು ಕಣ್ಣಿಗೆ ಕೂಡಲೇ ಮುಟ್ಟುತ್ತದೆ, ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಸುಮಾರು 3 ಸೆಕೆಂಡು. ಮಿಂಚು ಕಂಡಾಗಿನಿಂದ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿದರೆ ಒಂದೊಂದು ಎಣಿಕೆಗೆ ಸರಿಸುಮಾರು ಒಂದು ಸೆಕೆಂಡು ಆಗುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ, ಮುಂದಿನದು ನಿಮ್ಮ ಮೇಲೇ ಬೀಳಬಹುದು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬಾರದು. 30-30 ಎಂದು ಎಲ್ಲೆಡೆ ಕಲಿಸುವ ನಿಯಮ ಇದು.

ಈ ನಿಯಮವನ್ನು ಹೇಳಿ ನಿಲ್ಲಿಸಿದ್ದರೆ ಮತ್ತೆ ತಪ್ಪು ಮಾಡುತ್ತಿದ್ದೆ. ಕಟ್ಟಡ ಹತ್ತಿರವಿರುವವರಿಗೆ ಮಾತ್ರ ಅದು ಸಾಕು. ಮುಗಿಲು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. 10 ಕಿಲೋಮೀಟರ್ ದಾಟಲು ಅದಕ್ಕೆ 20 ನಿಮಿಷ ಸಾಕು. ಹುಡುಗ ಕುರಿ ಮೇಯಿಸುವ ಜಾಗದಿಂದ ಊರಿನ ಮೊದಲ ಪಕ್ಕಾ ಕಟ್ಟಡಕ್ಕೆ ಕುರಿ ಹೊಡೆದುಕೊಂಡು ಬರಲು ಅರ್ಧ ತಾಸು ಬೇಕು. ಅವನು ಗುಡುಗನ್ನು ಎಣಿಸಲು ಶುರುಮಾಡಿದಾಗಲೇ ತಡವಾಗಿರುತ್ತದೆ. ಅವನ ಗುರುತು ಗುಡುಗಲ್ಲ, ಮುಗಿಲು. ಹೂಕೋಸಿನಂತೆ ಮೇಲಕ್ಕೆ ಬೆಳೆಯುವ, ಬುಡ ಕಪ್ಪಾಗುವ ಮುಗಿಲು ಕಂಡಾಗಲೇ ಏಳಬೇಕು.

ಇದನ್ನು ಮಕ್ಕಳೇ ಕಂಡುಕೊಳ್ಳಲೆಂದು ಪ್ರತಿಯೊಬ್ಬರಿಂದ ‘ನನ್ನ ದಿನದ ನಕ್ಷೆ’ ಬರೆಸಿದೆ. ರಜೆಯ ಒಂದು ದಿನ ಬೆಳಗಿನಿಂದ ಸಂಜೆವರೆಗೆ ಎಲ್ಲೆಲ್ಲಿ ಇರುತ್ತೀರಿ? ಅಲ್ಲಿ ನೆರಳು ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ, ಗಟ್ಟಿ ಕಟ್ಟಡ ಎಲ್ಲಿದೆ? ಒಂದೊಂದಕ್ಕೂ ನಡೆದು ಹೋಗಲು ಎಷ್ಟು ನಿಮಿಷ? ನಿಮಿಷದ ಲೆಕ್ಕ ಬರೆದ ಮೇಲೆ ಪ್ರತಿಯೊಬ್ಬರೂ ತಮ್ಮ ನಿಯಮವನ್ನು ಒಂದು ವಾಕ್ಯದಲ್ಲಿ ಬರೆದರು. ಪೇಟೆಯ ಮನೆಯ ಹುಡುಗಿ ಬರೆದದ್ದು: ಗುಡುಗು ಕೇಳಿದ ಕೂಡಲೇ ಮಾಳಿಗೆಯಿಂದ ಕೆಳಗಿಳಿಯುತ್ತೇನೆ. ಕುರಿಯ ಹುಡುಗ ಬರೆದದ್ದು: ಬೆಳಿಗ್ಗೆ ಬೇಗ ದೂರ ಹೋಗುತ್ತೇನೆ, ಮಧ್ಯಾಹ್ನ ಬೇವಿನ ನೆರಳು, ಮೂರರ ಮೇಲೆ ಊರ ಹತ್ತಿರದ ಹೊಲದಾಗ ಮೇಯಿಸುತ್ತೇನೆ. ಬಿಸಿಲಿಗೂ ಸಿಡಿಲಿಗೂ ಒಂದೇ ವಾಕ್ಯ ಸಾಕಾಯಿತು.

ಮುನ್ಸೂಚನೆಯ ಮಾತೂ ಬಂತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮತ್ತು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇವೆ. ದಾಮಿನಿ 20 ಮತ್ತು 40 ಕಿಲೋಮೀಟರ್ ಸುತ್ತಳತೆಯ ಮಿಂಚನ್ನು ತೋರಿಸುತ್ತದೆ. ಮನೆಯಲ್ಲಿ ಯಾರ ಬಳಿ ಸ್ಮಾರ್ಟ್‌ಫೋನ್ ಇದೆಯೋ ಅವರು ಬೆಳಿಗ್ಗೆ ನೋಡಿ ಹೊಲಕ್ಕೆ ಹೋಗುವವರಿಗೆ ಹೇಳಬೇಕು ಎಂದು ಮಕ್ಕಳೇ ತೀರ್ಮಾನಿಸಿದರು.

ಮನೆಯ ಮಾತುಗಳು

ಮಕ್ಕಳು ಮನೆಯಿಂದ ತಂದ ಮಾತುಗಳನ್ನು ನಗಾಡದೆ ಪರೀಕ್ಷಿಸಬೇಕು. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎಂದ ಒಬ್ಬ. ಒದ್ದೆ ಬಟ್ಟೆಯ ಪ್ರಯೋಗ ನೆನಪಿಸಿದೆ. ಜೇಬಿನ ಉಳ್ಳಾಗಡ್ಡಿ ಬೆವರು ಹೆಚ್ಚಿಸುವುದಿಲ್ಲ, ದೇಹ ತಣಿಸುವುದಿಲ್ಲ. ರೊಟ್ಟಿಯ ಜೊತೆ ತಿಂದರೆ ಆಹಾರ, ಅಷ್ಟೇ. ಆದರೆ ಜೋಳದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ನಿಜವಾಗಿ ಒಳ್ಳೆಯವು, ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ತುಂಬುತ್ತವೆ. ಗುಡುಗಿದಾಗ ಅರ್ಜುನನ ಹೆಸರು ಹೇಳಬೇಕು ಎಂಬ ಅಜ್ಜಿಯ ಮಾತನ್ನು ಇನ್ನೊಬ್ಬಳು ಹೇಳಿದಳು. ಹೆದರಿದ ಮನಸ್ಸಿಗೆ ಧೈರ್ಯ ಬರುವುದಾದರೆ ಹೇಳಲಿ, ಮನೆಯೊಳಗೆ ಬಂದು ಹೇಳಲಿ ಎಂದೆ. ಎಲ್ಲರೂ ನಕ್ಕರು, ಅಜ್ಜಿಗೂ ಅವಮಾನವಾಗಲಿಲ್ಲ. ಮೊಬೈಲು ಸಿಡಿಲನ್ನು ಎಳೆಯುತ್ತದೆ ಎಂಬುದು ಸುಳ್ಳು. ಗೋಡೆಯ ಚಾರ್ಜರಿಗೆ ಸಿಕ್ಕಿಸಿದ ಮೊಬೈಲು ಹಿಡಿಯುವುದು ಮಾತ್ರ ಅಪಾಯ, ವಿದ್ಯುತ್ ತಂತಿಯ ಮೂಲಕ ಹೊಡೆತ ಬರಬಹುದು. ರಬ್ಬರ್ ಚಪ್ಪಲಿ ಕಾಯುತ್ತದೆ ಎಂಬುದೂ ಸುಳ್ಳು.

ಯಾರಾದರೂ ಬಿದ್ದರೆ

ಎರಡನೆಯ ಅವಧಿಯ ಕೊನೆಯ ಹದಿನೈದು ನಿಮಿಷ ಅಭಿನಯಕ್ಕೆ ಕೊಟ್ಟೆ.

ಬಿಸಿಲಿಗೆ ತಲೆನೋವು, ತಲೆಸುತ್ತು, ಕಾಲು ಹಿಡಿತ, ವಿಪರೀತ ಬೆವರು ಬಂದರೆ ಕೆಲಸ ನಿಲ್ಲಿಸಿ ನೆರಳಿಗೆ ಕರೆತಂದು ನೀರು ಕೊಡಬೇಕು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ನೀರು ಸಾಕು. ಮಾತು ತೊದಲಿದರೆ, ಗುರುತು ಸಿಗದಂತಾದರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ದೇಹದ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ಆಗ ಬಾಯಿಗೆ ನೀರು ಹಾಕಬಾರದು, ಉಸಿರುನಾಳಕ್ಕೆ ಹೋಗಬಹುದು. ನೀರನ್ನು ಮೈಮೇಲೆ ಸುರಿದು ಗಾಳಿ ಬೀಸಬೇಕು, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಬೇಕು, 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ತಣಿಸುವುದನ್ನು ನಿಲ್ಲಿಸಬಾರದು.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ತರಗತಿಯ ಹೆಚ್ಚಿನವರು ನಂಬಿದ್ದರು. ಈ ಒಂದು ತಪ್ಪು ತಿದ್ದಿದರೂ ಪಾಠ ಸಾರ್ಥಕ. ಅವರ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಕೂಡಲೇ ಮುಟ್ಟಬಹುದು. ಸಿಡಿಲು ಹೃದಯವನ್ನೂ ಉಸಿರನ್ನೂ ನಿಲ್ಲಿಸುತ್ತದೆ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತ ಇರಬೇಕು. ಗೋಣಿಚೀಲದಲ್ಲಿ ಬಟ್ಟೆ ತುಂಬಿ ಅದರ ಮೇಲೆ ಅಭ್ಯಾಸ ಮಾಡಿಸಿದೆ. ಸಿಡಿಲು ಬಡಿದ ಎಷ್ಟೋ ಜನ ಬದುಕುತ್ತಾರೆ, ಹತ್ತಿರದವರು ಹೆದರಿ ದೂರ ನಿಲ್ಲದಿದ್ದರೆ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ

ಈ ಪಾಠದಿಂದ ನಾನು ಕಲಿತದ್ದು ಇಷ್ಟು. ಸುರಕ್ಷತೆಯ ಪಾಠದಲ್ಲಿ ‘ಮಾಡಿ, ಮಾಡಬೇಡಿ’ ಪಟ್ಟಿ ಕೊನೆಗೆ ಬರಬೇಕು, ಅದೂ ಮಕ್ಕಳ ಕೈಯಿಂದ. ‘ಹೊರಗೆ ಹೋಗಬೇಡಿ’ ಎಂಬ ವಾಕ್ಯ ಹೊರಗೆ ಹೋಗಲೇಬೇಕಾದ ಮಗುವಿಗೆ ಏನನ್ನೂ ಕಲಿಸುವುದಿಲ್ಲ. ಆ ಮಗು ಎಲ್ಲಿರುತ್ತದೆ, ಎಷ್ಟು ಹೊತ್ತು ನಡೆಯಬೇಕು ಎಂದು ಮೊದಲು ಕೇಳಬೇಕು. ಮೌಲ್ಯಮಾಪನದಲ್ಲಿ ‘ಸಿಡಿಲು ಬಂದಾಗ ಏನು ಮಾಡುವಿರಿ?’ ಎಂದು ಕೇಳುವ ಬದಲು ‘ನೀನು ಯಾವಾಗ ಏಳುತ್ತೀ?’ ಎಂದು ಕೇಳಿ ನೋಡಿ.

ನಕ್ಷೆ ಬರೆದವರಲ್ಲಿ ಇಬ್ಬರ ಹಾಳೆಯಲ್ಲಿ ಗಟ್ಟಿ ಕಟ್ಟಡದ ಗುರುತೇ ಇರಲಿಲ್ಲ. ಅವರ ಹೊಲದಿಂದ ಒಂದು ತಾಸಿನ ಒಳಗೆ ಅಂಥದ್ದು ಏನೂ ಇಲ್ಲ. ಅವರಿಗೆ ಮಧ್ಯಾಹ್ನವೇ ಮುಗಿಲು ನೋಡಿ ಹೊರಡಿ ಎಂಬುದರ ಹೊರತು ಬೇರೆ ಉತ್ತರ ನಮ್ಮಲ್ಲಿ ಇರಲಿಲ್ಲ. ಮಾರ್ಗದರ್ಶಕ ಶಿಕ್ಷಕರು ಆ ಎರಡು ಹಾಳೆಗಳನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತೆಗೆದುಕೊಂಡು ಹೋಗುತ್ತೇನೆ ಎಂದು ಎತ್ತಿಟ್ಟುಕೊಂಡರು.

ಕೊನೆಯ ದಿನ ನಾನು ಬಸ್ಸಿಗೆ ನಿಂತಿದ್ದಾಗ ಆ ಹುಡುಗ ಸಿಕ್ಕ. “ನಮ್ಮಜ್ಜಗ ಹೇಳೀನ್ರಿ ಟೀಚರ್. ಮುಗಿಲು ಬುಡಕ ಕರ್ರಗ ಆತಂದ್ರ ಏಳಾದ ಅಂತ.” ಅಜ್ಜ ಏನಂದ ಎಂದು ಕೇಳಿದೆ. “ಅದು ನಂಗೂ ಗೊತ್ತೈತಿ, ಕುರಿಗೆ ಹೇಳು ಅಂದ” ಎಂದು ನಕ್ಕ.